ತೋಳಿಗೆ ಕಟ್ಟಿದ ರೂಪಾಯಿ

ವಾಡಿ

ಡೆನ್ಮಾರ್ಕಿಗೆ ಹೋಗಿದ್ದೆ ಎಂದೊಡನೆ ಜನ ವಿಮಾನದ ಬಗ್ಗೆ ಕೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಮಂಜುಗಡ್ಡೆ, ನಮ್ಮ ಕಡೆಯ ಬರ್ಫ. ಮೇ ತಿಂಗಳ ಮಧ್ಯಾಹ್ನ. ವಾಡಿ ಜಂಕ್ಷನ್ನಿನ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಕಾದು, ರೊಟ್ಟಿ ಬಡಿದು ಹಾಕಿದರೆ ಬೇಯುವಂತಿತ್ತು. ನಮ್ಮಪ್ಪ ಸ್ಟೇಷನ್ನಿನ ಸೋಡಾ ಅಂಗಡಿಯಿಂದ ಗೋಣಿತಟ್ಟಿನಲ್ಲಿ ಸುತ್ತಿದ ಬರ್ಫ ಮನೆಗೆ ಹೊತ್ತು ತಂದರು. ಅದನ್ನು ಬುಟ್ಟಿಗೆ ಹಾಕಿ ನನ್ನ ಮುಂದಿಟ್ಟು, "ಇದರ ಮ್ಯಾಗ ಕಾಲಿಟ್ಟು ಕುಂದ್ರು," ಎಂದರು.

"ಯಾಕಪ್ಪಾ?"

"ರೂಢಿ ಆಗ್ಬೇಕಲ್ಲವ್ವಾ. ಅಲ್ಲಿ ಸಮುದ್ರಾನೂ ಹೆಪ್ಪುಗಟ್ತದಂತ. ಇವತ್ತಿಂದ ದಿನಾ ಜರಾ ಜರಾ."

ಅಪ್ಪ ರೈಲ್ವೆಯ ಪಾರ್ಸಲ್ ಬಾಬು. ಯಾವ ಸಾಮಾನೇ ಇರಲಿ, ಗಟ್ಟಿಯಾಗಿ ಕಟ್ಟಿ, ದಾರಿಯಲ್ಲಿ ಒಡೆಯದಂತೆ ನೋಡಿ ಕಳಿಸುವುದು ಅವರ ಕಸುಬು. ನನ್ನನ್ನೂ ಹಾಗೆಯೇ ಕಳಿಸಲು ನಿಂತಿದ್ದರು. ನಾನು ಕಾಲಿಟ್ಟೆ. ಮೊದಲು ಹಾಯೆನಿಸಿತು, ಆಮೇಲೆ ಉರಿ ಹತ್ತಿತು, ಆಮೇಲೆ ಕಾಲು ಇದೆಯೋ ಇಲ್ಲವೋ ತಿಳಿಯದಂತಾಯಿತು. ಅಷ್ಟರಲ್ಲಿ ಪಕ್ಕದ ಕ್ವಾರ್ಟರ್ಸಿನಿಂದ ಖಾಲಾ ಬಂದಳು.

"ಯಾ ಅಲ್ಲಾ! ಬಾಬು, ನಿಮ್ಮ ತಲಿ ಠೀಕ್ ಅದ ಇಲ್ಲ? ಊರು ಬಿಡೂಕಿಂತ ಮೊದ್ಲ ಪೋರಿಗಿ ನಿಮೋನಿಯಾ ಮಾಡ್ತೀರೇನು?"

ಬುಟ್ಟಿಯನ್ನೇ ಎತ್ತಿಕೊಂಡು ಹೋದವಳು ಆ ಬರ್ಫದಿಂದ ಲಿಂಬೆ ಶರಬತ್ತು ಮಾಡಿ ನಮ್ಮ ಸಾಲಿನ ಮಕ್ಕಳಿಗೆಲ್ಲ ಹಂಚಿದಳು. ನನ್ನ ಚಳಿದೇಶದ ತರಬೇತಿ ಅಲ್ಲಿಗೆ ಮುಗಿಯಿತು.

ಖಾಲಾ ಎಂದರೆ ಚಿಕ್ಕಮ್ಮ. ಅಪ್ಪ ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಆಕೆಗೂ ನಮಗೂ ರಕ್ತಸಂಬಂಧ ಇರಲಿಲ್ಲ, ನಡುವೆ ಒಂದು ಗೋಡೆಯಿತ್ತು ಅಷ್ಟೆ. ನನ್ನ ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು. ಅಂದಿನಿಂದ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದವಳು, ಬೈದವಳು, ಎಲ್ಲ ಖಾಲಾನೇ. ಆಕೆಯ ಗಂಡ ಇಂಜಿನ್ ಡ್ರೈವರ್ ಆಗಿದ್ದವರು, ಈಗ ಇರಲಿಲ್ಲ. ಮಗನೂ ರೈಲ್ವೆಯಲ್ಲೇ ಇದ್ದುದರಿಂದ ಕ್ವಾರ್ಟರ್ಸು ಉಳಿದಿತ್ತು.

ಖಾಲಾಗೆ ಒಂದೇ ಒಂದು ಚಟ, ಎಲೆ ಅಡಿಕೆ. ಹಿತ್ತಾಳೆಯ ಪಾನ್‌ದಾನ್ ಸದಾ ಮಗ್ಗುಲಲ್ಲಿ. ಅದರ ಮುಚ್ಚಳ ತೆರೆಯುವ ಸದ್ದು ಕೇಳದೆ ನಮ್ಮ ಸಾಲಿನಲ್ಲಿ ಬೆಳಗಾಗುತ್ತಿರಲಿಲ್ಲ. ಆದರೆ ಗಂಡ ಗಾಡಿ ತೆಗೆದುಕೊಂಡು ಹೋದಾಗ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲವಂತೆ. ತಿರುಗಿ ಬಂದ ಇಂಜಿನ್ನಿನ ಸೀಟಿ ಕೇಳಿದ ಮೇಲೆಯೇ ಮುಚ್ಚಳ ತೆರೆಯುವುದು. ಬೇರೆ ಡ್ರೈವರುಗಳ ಹೆಂಡಂದಿರು ಹರಕೆ ಹೊತ್ತರೆ, ಈಕೆ ಬಾಯಿ ಕಟ್ಟುತ್ತಿದ್ದಳು.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದಿದ್ದ ಹೊಸತು. ಪರದೇಶದ ಮನೆಯೊಂದರಲ್ಲಿ ಮನೆಮಗಳಂತೆ ಒಂದು ವರ್ಷ ಇದ್ದು, ಅಲ್ಲಿಯ ಹೈಸ್ಕೂಲಿನಲ್ಲಿ ಓದಲು ನಮ್ಮ ಕಡೆಯ ಮಕ್ಕಳನ್ನೂ ಆರಿಸುತ್ತಾರೆಂದು ನಮ್ಮ ಹೆಡ್‌ಮಾಸ್ತರರಿಗೆ ಗೊತ್ತಾಗಿ, ನನ್ನ ಹೆಸರು ಕಳಿಸಿಬಿಟ್ಟಿದ್ದರು. ಗುಲಬರ್ಗಾದಲ್ಲಿ ಮೂರು ಜನ ಕುಳಿತು ಏನೇನೋ ಕೇಳಿದರು. ನಾನು ಹೆದರಿಕೆಯಲ್ಲಿ ಮಾತಾಡಿದ್ದೇ ಮಾತಾಡಿದ್ದು. ಆರಿಸಿದರು. ಅಪ್ಪ ಒಲ್ಲೆ ಎಂದರು. "ಹೆಣ್ಣು ಹುಡುಗಿ, ಅದೂ ತಾಯಿ ಇಲ್ಲದಾಕಿ, ಸಮುದ್ರದಾಚಿ ಹ್ಯಾಂಗ ಕಳಿಸ್ಲಿ ಆಪಾ?" ಎಂದು ಖಾಲಾ ಮುಂದೆ ಹೇಳಿ ಕಣ್ಣೊರೆಸಿಕೊಂಡರು.

ಖಾಲಾ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಿದಳು. "ಜಂಕ್ಷನ್‌ದಾಗ ಹುಟ್ಟ್ಯಾಳ ಬಾಬು. ಹುಟ್ಟಿದಾಗಿಂದ ಗಾಡಿ ಹತ್ತೂ ಮಂದೀನ ನೋಡ್ಲಿಕತ್ತಾಳ. ಒಮ್ಮಿ ಆಕೀನೂ ಹತ್ತಲಿ ಬಿಡ್ರಿ."

ಮಾತು ಅಲ್ಲಿಗೆ ಮುಗಿಯಿತು.

ಚಿತ್ತಾಪುರ

ವಯಸ್ಸಿನ ದಾಖಲೆಗಾಗಿ ಚಿತ್ತಾಪುರದ ಕಚೇರಿಗೆ ಹೋಗಬೇಕಾಯಿತು. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಹಿರಿಯರು ಬಿಸಿಲಲ್ಲಿ ಬಂದ ನಮಗೆ ಮೊದಲು ನೀರು ಕೊಡಿಸಿದರು. ಆಮೇಲೆ ಯಾಕೆ ಬಂದಿರಿ ಎಂದು ಕೇಳಿದರು. ಅಪ್ಪ ಹೇಳಿದರು. ಹಿರಿಯರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅಲ್ಲಿ ಜ್ವಾಳ ಬೆಳೀತದೇನವ್ವಾ?"

"ಇಲ್ಲಂತ್ರಿ."

"ಜ್ವಾಳ ಇಲ್ಲೇನು! ಮತ್ತೇನು ತಿಂತಾರ ಪಾಪ?"

ಪಕ್ಕದ ಮೇಜಿನವರು ಗೋದಿ ಇರಬೇಕೆಂದರು. ಗೋದಿಯ ರೊಟ್ಟಿ ದಿನಾ ತಿಂದರೆ ಹೊಟ್ಟೆ ಏನಾಗಬೇಕು ಎಂದು ಇನ್ನೊಬ್ಬರು ಚಿಂತೆಗಿಳಿದರು. ಇಡೀ ಕಚೇರಿ ಡೆನ್ಮಾರ್ಕಿನವರಿಗಾಗಿ ಮರುಗಿತು. ಕಾಗದ ಕೈಗೆ ಬರುವಷ್ಟರಲ್ಲಿ ನನಗೆ ಮೂರು ಸಲ ಚಹಾ ಆಗಿತ್ತು. ಮರುವಾರ ಆ ಹಿರಿಯರು ಗಾಡಿಯಲ್ಲಿ ಬರುವ ಯಾರದೋ ಕೈಯಲ್ಲಿ ನಮ್ಮ ಮನೆಗೆ ಒಂದು ಡಬ್ಬಿ ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಕಳಿಸಿದ್ದರು. ಅವರ ಹೆಂಡತಿ ನನಗಾಗಿಯೇ ಕುಟ್ಟಿದ್ದಂತೆ. ಆ ಹೆಣ್ಣುಮಗಳ ಮುಖವನ್ನು ನಾನು ಇಂದಿಗೂ ನೋಡಿಲ್ಲ.

ಸುಲೇಪೇಟ

ನಮ್ಮ ಸೀಮೆಯಲ್ಲಿ ಉಣ್ಣೆಯ ಕೋಟು ಯಾರ ಹತ್ತಿರ ಇರಬೇಕು ಹೇಳಿ? ಅಪ್ಪ ವಾರಗಟ್ಟಲೆ ವಿಚಾರಿಸಿ, ಸುಲೇಪೇಟದಲ್ಲಿ ಒಬ್ಬ ನಿವೃತ್ತ ಸಿಪಾಯಿಯನ್ನು ಹುಡುಕಿದರು. ಹಿಮದ ಗಡಿಯಲ್ಲಿ ಕಾವಲಿದ್ದು ಬಂದವರು. ಟ್ರಂಕಿನ ತಳದಿಂದ ಒಂದು ಕೋಟು ತೆಗೆದರು. ಅದನ್ನು ತೊಟ್ಟರೆ ನನ್ನ ಮೊಣಕಾಲೂ ಕಾಣುತ್ತಿರಲಿಲ್ಲ, ಬೆರಳೂ ಕಾಣುತ್ತಿರಲಿಲ್ಲ. ಜೊತೆಗೆ ಡಾಂಬರು ಗುಳಿಗೆಯ ವಾಸನೆ.

"ಚಳಿ ಅಂದ್ರ ಭಾಳ ಮೋಸಗಾತಿ ಅದವ್ವಾ," ಎಂದರು ಸಿಪಾಯಿ. "ನಿದ್ದಿ ಬಂದಂಗ ಮಾಡ್ತದ. ಮಲಗಬ್ಯಾಡ, ನಡಕೋತ ಇರು." ಆಮೇಲೆ ಟ್ರಂಕಿನ ಮುಚ್ಚಳ ಹಾಕುತ್ತ, "ಮನೀ ನೆನಪು ಬಂದ್ರೂ ಹಂಗೇ ಮಾಡು," ಎಂದರು.

ಕೋಟು ನಮ್ಮ ಚೀಲದಲ್ಲಿ ಹಿಡಿಸಲಿಲ್ಲ. ತೊಟ್ಟುಕೊಂಡೇ ಬಸ್ಸು ಹತ್ತಿದೆ. ಜೂನ್ ತಿಂಗಳು, ಇನ್ನೂ ಮಳೆ ಇಲ್ಲ. ಬಸ್ಸಿನಲ್ಲಿದ್ದವರು ನೋಡಿ, ಹುಡುಗಿಗೆ ನಡುಕದ ಜ್ವರ ಬಂದಿದೆ ಎಂದುಕೊಂಡು ಮಲಗಲು ಸೀಟು ಬಿಟ್ಟುಕೊಟ್ಟರು. ಒಬ್ಬಾಕೆ ನನ್ನ ಹಣೆ ಮುಟ್ಟಿ, "ಅಯ್ಯ, ಹ್ಯಾಂಗ ಬೆವತಾಳ ನೋಡ್ರಿ, ಜ್ವರ ಇಳೀಲಿಕತ್ತದ," ಎಂದು ಅಪ್ಪನಿಗೆ ಸಮಾಧಾನ ಹೇಳಿದಳು. ಅಪ್ಪ ಪಾಪ, ಹೌದೆಂದೂ ಅನ್ನಲಾರದೆ, ಇಲ್ಲವೆಂದೂ ಅನ್ನಲಾರದೆ ಕಿಟಕಿಯ ಹೊರಗೆ ನೋಡುತ್ತ ಕೂತರು. ನಾನು ಜ್ವರದವಳಂತೆ ಕಣ್ಣು ಮುಚ್ಚಿಕೊಂಡು ಸೇಡಂ ದಾಟುವವರೆಗೂ ಒಳಗೊಳಗೇ ನಗುತ್ತಿದ್ದೆ.

ಮತ್ತೆ ವಾಡಿ

ವಾಡಿ ಜಂಕ್ಷನ್ನಿಗೆ ಒಂದು ವಿಶೇಷವಿದೆ. ಬೊಂಬಾಯಿಯಿಂದ ಬರುವ ಗಾಡಿ ತಡವಾದರೆ ಸಿಕಂದರಾಬಾದಿನ ಗಾಡಿ ಬಿಟ್ಟು ಹೋಗಿರುತ್ತದೆ. ಇಳಿದವರು ಮುಂದಿನ ಗಾಡಿಯವರೆಗೆ ಪ್ಲಾಟ್‌ಫಾರ್ಮಿನಲ್ಲಿ ಬಿದ್ದುಕೊಳ್ಳಬೇಕು. ಅಂಥವರಿಗೆ ಖಾಲಾ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಳು. ಒಮ್ಮೆ ನಾನೂ ಜೊತೆಗಿದ್ದೆ. ಬೂಟು, ಟೈ, ಕೈಗೆ ಬಂಗಾರದ ಗಡಿಯಾರ ಹಾಕಿದ ಒಬ್ಬ ಸಾಹೇಬರು ಬೆಂಚಿನ ಮೇಲೆ ಕೂತಿದ್ದರು. ಖಾಲಾ ಅವರ ಮುಂದೆಯೂ ರೊಟ್ಟಿ ಇಟ್ಟಳು. ಅವರು ನಾಚಿಕೊಂಡು ತೆಗೆದುಕೊಂಡರು, ಮೂರೂ ರೊಟ್ಟಿ ತಿಂದರು.

"ಖಾಲಾ, ಅವರು ಸಾವ್ಕಾರ ಅದಾರ," ಎಂದೆ.

"ಬೂಟು ಹಾಕ್ಯಾನಂದ್ರ ಏನಾತು? ಮನೀ ಬಿಟ್ಟು ಬಂದಾನ. ಇಲ್ಲಿ ಅವನವರು ಅಂತ ಯಾರರ ಅದಾರೇನು? ಹಾದ್ಯಾಗ ಇರಾವ ಗರೀಬನೇ, ಬೇಟಿ."

ಆಗ ನಾನು ಆ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಾನು ಹೊರಡುವ ದಿನ ಅರ್ಧ ರೈಲ್ವೆ ಕಾಲೋನಿ ಪ್ಲಾಟ್‌ಫಾರ್ಮಿನಲ್ಲಿತ್ತು. ಯಾರ್ಯಾರೋ ಅಳುತ್ತಿದ್ದರು. ನನ್ನ ಪರಿಚಯವೇ ಇಲ್ಲದ, ರಾವೂರಿಗೆ ಹೋಗಬೇಕಾದ ಒಬ್ಬ ಅಜ್ಜಿ, ಉಳಿದವರು ಅಳುವುದನ್ನು ನೋಡಿ, ತಾನೂ ಕಣ್ಣಿಗೆ ಸೆರಗು ಹಿಡಿದು ನಿಂತಿದ್ದಳು. ಖಾಲಾ ಮಾತ್ರ ಅಳಲಿಲ್ಲ. ಸೊಂಟದಿಂದ ಹಸಿರು ರೇಶಿಮೆಯ ಬಟ್ಟೆ ತೆಗೆದಳು. ಅದರೊಳಗೆ ನಿಜಾಮರ ಕಾಲದ ಒಂದು ಬೆಳ್ಳಿ ರೂಪಾಯಿ ಸುತ್ತಿ, ನನ್ನ ಬಲತೋಳಿಗೆ ಕಟ್ಟಿದಳು. ಇದಕ್ಕೆ ಇಮಾಮ್ ಜಾಮಿನ್ ಎನ್ನುತ್ತಾರೆ, ಪ್ರಯಾಣದ ಕಾಪು. ಖಾಲಾನ ಕಡೆಯವರಲ್ಲಿ ದೂರ ಹೋಗುವವರಿಗೆ ಇದನ್ನು ಕಟ್ಟದೆ ಕಳಿಸುವುದಿಲ್ಲ. ಹಿಂದೆ ಗಂಡನ ತೋಳಿಗೂ ಕಟ್ಟುತ್ತಿದ್ದಳು.

"ಕೇಳು. ಊರು ಮುಟ್ಟಿದ ಮ್ಯಾಗ ಬಿಚ್ಚಿ ಗರೀಬರ ಕೈಯಾಗ ಕೊಡು. ಕೈಯಾಗ ಅಂದ್ರ ಕೈಯಾಗ. ಡಬ್ಬ್ಯಾಗ ಹಾಕಬ್ಯಾಡ, ನೆಲದ ಮ್ಯಾಗ ಇಡಬ್ಯಾಡ. ಅದನ್ನ ಕೊಟ್ಟಾಗ ಸಫರ್ ಮುಗೀತು. ಅಲ್ಲೀತನಾ ನೀ ಇನ್ನಾ ಹಾದ್ಯಾಗ ಇದ್ದಂಗ."

"ಆತು ಖಾಲಾ."

"ನೀ ಕೊಟ್ಟಿ ಅಂತ ಕಾಗದ ಬರೋತನಾ ನಾ ಪಾನ್‌ದಾನ್ ತೆರಿಯಂಗಿಲ್ಲ."

"ಖಾಲಾ! ಎಲಿ ಇಲ್ಲದ ಹ್ಯಾಂಗ ಇರ್ತಿ? ಇರಲಿ, ಮುಟ್ಟಿದ ದಿನಾನೇ ಕೊಡ್ತೀನಿ. ಲಗೂನ ಕಾಗದ ಬರ್ತದ ತಗೋ."

"ಸುಳ್ಳು ಮಾತ್ರ ಬರೀಬ್ಯಾಡ. ಸುಳ್ಳು ನಂಬಿ ತಿಂದ್ರ ನನ್ನ ಬಾಯಿ ಕೆಂಪಾಗಂಗಿಲ್ಲ."

ಗಾಡಿ ಬಂತು. ಕಿಟಕಿಯಿಂದ ತಿರುಗಿ ನೋಡಿದಾಗ ಅಪ್ಪ ಯಾರದೋ ಪಾರ್ಸಲಿನ ಮೇಲೆ ಕೂತುಬಿಟ್ಟಿದ್ದರು. ಖಾಲಾ ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಗರೀಬರಿಲ್ಲದ ಊರು

ನನ್ನನ್ನು ಇಟ್ಟುಕೊಂಡ ಮನೆ ಡೆನ್ಮಾರ್ಕಿನ ಸಮುದ್ರದ ದಂಡೆಯ ಸಣ್ಣ ಊರಿನಲ್ಲಿತ್ತು. ಮನೆಯಲ್ಲಿ ಮೂವರು. ಹಾಲಿನ ಲಾರಿ ಓಡಿಸುವ ನೀಲ್ಸ್, ಲೈಬ್ರರಿಯಲ್ಲಿ ಕೆಲಸ ಮಾಡುವ ಇಂಗ್ರಿಡ್, ಅವರ ಒಬ್ಬಳೇ ಮಗಳು ಲೇನೆ. ಲೇನೆ ನನ್ನ ವಯಸ್ಸಿನವಳು. ಚಳಿಗಾಲ ಮುಗಿಯುವ ಮುಂಚೆ ಅವಳೂ ನನ್ನಂತೆಯೇ ಒಂದು ವರ್ಷಕ್ಕೆ ಬ್ರೆಜಿಲ್ಲಿಗೆ ಓದಲು ಹೋಗುವವಳಿದ್ದಳು. ಅಲ್ಲಿಯವರೆಗೆ ಇಬ್ಬರಿಗೂ ಒಂದೇ ಕೋಣೆ.

ಒಳ್ಳೆಯ ಜನ. ಆದರೆ ಮಾತು ಬಹಳ ಕಡಿಮೆ. ನಮ್ಮ ಕಡೆ ಪಕ್ಕದಲ್ಲಿ ಕೂತವರ ಊರು, ಸಂಬಳ, ಮಕ್ಕಳೆಷ್ಟು ಎಂದು ಕೇಳದಿದ್ದರೆ ಸೊಕ್ಕಿನವಳು ಎನ್ನುತ್ತಾರೆ. ಇಲ್ಲಿ ಕೇಳಿದರೆ ಮುಖ ಕೆಂಪಾಗುತ್ತಿತ್ತು. ಊಟ ಮುಗಿದೊಡನೆ ಎಲ್ಲರೂ ಇಂಗ್ರಿಡ್‌ಗೆ ಊಟಕ್ಕಾಗಿ ಧನ್ಯವಾದ ಹೇಳುತ್ತಿದ್ದರು, ಗಂಡ ಕೂಡ. ವಾಡಿಯಲ್ಲಿ ನಾನು ರೊಟ್ಟಿಗೆ ಧನ್ಯವಾದ ಹೇಳಿದ್ದರೆ ಖಾಲಾ ಸೌಟಿನಿಂದ ಬಾರಿಸುತ್ತಿದ್ದಳು, ನಾನೇನು ಹೊರಗಿನಾಕಿಯೇ ಎಂದು. ಮೊದಲ ರಾತ್ರಿ ಅಭ್ಯಾಸದಂತೆ ತಂಪು ಕಲ್ಲನ್ನು ಹುಡುಕುತ್ತ ಬರಿಗಾಲು ಕೆಳಗಿಟ್ಟೆ. ಮರದ ನೆಲ ಬೆಚ್ಚಗಿತ್ತು. ಯಾಕೋ ಆ ಬಿಸುಪಿಗೇ ಅಳು ಬಂತು. ಸಿಪಾಯಿಯ ಮಾತು ನೆನೆದು ಕೋಣೆಯಲ್ಲೇ ಸ್ವಲ್ಪ ಹೊತ್ತು ನಡೆದಾಡಿದೆ.

ಇಂಗ್ರಿಡ್‌ಗೂ ಒಂದು ಚಟವಿತ್ತು, ಕಾಫಿ. ಸಕ್ಕರೆ, ಹಾಲು ಏನೂ ಇಲ್ಲದ ಕಪ್ಪು ಕಾಫಿ. ಫ್ಲಾಸ್ಕು ಎಲ್ಲಿದೆಯೋ ಇಂಗ್ರಿಡ್ ಅಲ್ಲಿರುತ್ತಿದ್ದಳು. ಅದನ್ನು ನೋಡಿ ನನಗೆ ಪಾನ್‌ದಾನ್ ನೆನಪಾಗಿ, ಮರುದಿನವೇ ನನ್ನ ಹರಕು ಇಂಗ್ಲಿಷಿನಲ್ಲಿ ನೀಲ್ಸ್‌ನನ್ನು ಕೇಳಿದೆ: "ಈ ಊರಿನಲ್ಲಿ ಬಡವರು ಎಲ್ಲಿರುತ್ತಾರೆ?"

ನೀಲ್ಸ್ ಬಹಳ ಹೊತ್ತು ಯೋಚಿಸಿದ. "ಮುಂಚೆ ಒಬ್ಬನಿದ್ದ," ಎಂದ. "ಅವನಿಗೆ ಊರಿನವರು ಮನೆ ಕೊಟ್ಟುಬಿಟ್ಟರು."

ನಾನು ತೋಳಿನ ಗಂಟು ಬಿಚ್ಚಿ, ಮತ್ತೆ ಕಟ್ಟಿಕೊಂಡೆ. ಯಾಕೆ ಕೇಳಿದೆ ಎಂದು ಅವರು ವಿಚಾರಿಸಿದಾಗ ಖಾಲಾನ ಕತೆಯನ್ನೆಲ್ಲ ಹೇಳಿದೆ. ಲೇನೆ ನಕ್ಕಳು. ಇಂಗ್ರಿಡ್ ನಗಲಿಲ್ಲ. "ಅವರು ನಿಜವಾಗಿಯೂ ಅದನ್ನು ತಿನ್ನುವುದಿಲ್ಲವೇ? ನೀನು ನೋಡುತ್ತಿಲ್ಲವಲ್ಲ," ಎಂದು ಕೇಳಿದಳು. ನಾನು ನೋಡುತ್ತಿಲ್ಲವೆಂದೇ ತಿನ್ನುವುದಿಲ್ಲ ಎಂದೆ.

ಹುಡುಕುವುದು ಬಿಡಲಿಲ್ಲ. ಒಂದು ದಿನ ಪೇಟೆಯಲ್ಲಿ ಬ್ರೆಡ್ಡಿನ ಅಂಗಡಿಯ ಹೊರಗೆ, ಹಲ್ಲು ಕಟಕಟಿಸುವ ಚಳಿಯಲ್ಲಿ, ಒಂದು ಕೈಗಾಡಿ ನಿಂತಿತ್ತು. ಒಳಗೆ ಎಳೆಮಗು ಮಲಗಿತ್ತು. ಸುತ್ತ ನರಪಿಳ್ಳೆ ಇಲ್ಲ. ಯಾರೋ ಪಾಪಿಗಳು ಮಗುವನ್ನು ಬಿಟ್ಟು ಹೋಗಿದ್ದಾರೆ! ಅಯ್ಯೋ ಎನಿಸಿತು. ನಿಜ ಹೇಳಬೇಕೆಂದರೆ, ಅದರ ಬೆನ್ನಿಗೇ, ಅಂತೂ ಒಬ್ಬ ಗರೀಬ ಸಿಕ್ಕ ಎಂದೂ ಅನಿಸಿತು. ಗಡಬಡಿಸಿ ಗಂಟು ಬಿಚ್ಚಿ, ಮಗುವಿನ ಪುಟ್ಟ ಮುಷ್ಟಿಯೊಳಗೆ ರೂಪಾಯಿ ಇಟ್ಟು, ಕೋಟಿನಲ್ಲಿ ಸುತ್ತಿ ಎತ್ತಿಕೊಳ್ಳಲು ಹೋದೆ. ಅಂಗಡಿಯೊಳಗಿಂದ ಅದರ ತಾಯಿ ಓಡಿ ಬಂದಳು. ಅವಳ ಹಿಂದೆ ಬ್ರೆಡ್ಡಿನವನು. ಆಮೇಲೆ ಗೊತ್ತಾಯಿತು, ತಂಪು ಗಾಳಿ ಒಳ್ಳೆಯದೆಂದು ಅಲ್ಲಿ ಕೂಸುಗಳನ್ನು ಹೊರಗೇ ಮಲಗಿಸುತ್ತಾರೆ, ಯಾರೂ ಮುಟ್ಟುವುದಿಲ್ಲ. ನಮ್ಮ ಪ್ಲಾಟ್‌ಫಾರ್ಮಿನಲ್ಲಿ ತಂಬಿಗೆ ಇಟ್ಟು ಆಚೆ ತಿರುಗಿದರೆ ತಂಬಿಗೆ ಇರುವುದಿಲ್ಲ, ಇವರು ಮಕ್ಕಳನ್ನು ಇಟ್ಟು ಹೋಗುತ್ತಾರೆ! ಆ ತಾಯಿ ನನ್ನ ತಡವರಿಕೆಯನ್ನು ಪೂರ್ತಿ ಕೇಳಿ, ಕೊನೆಗೆ ನನ್ನ ಕೆನ್ನೆ ತಟ್ಟಿ, ರೂಪಾಯಿಯನ್ನು ತಿರುಗಿ ಕೊಟ್ಟಳು.

ಇನ್ನೊಂದು ಸಲ ಬಂದರಿನ ಹತ್ತಿರ ತೇಪೆ ಹಾಕಿದ ಅಂಗಿಯ ಮುದುಕನೊಬ್ಬ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ನಾನು ಹೋಗಿ ಎದುರು ನಿಂತೆ, ತೋಳಿಗೆ ಕೈ ಹಾಕಿದೆ. ಅವನು ನನ್ನನ್ನೂ, ಕಾಲಿನವರೆಗೆ ಜೋಲುತ್ತಿದ್ದ ಸಿಪಾಯಿಯ ಕೋಟನ್ನೂ ಮೇಲಿನಿಂದ ಕೆಳಗೆ ನೋಡಿದ. ಏನೋ ಅಂದ. ಆಮೇಲೆ ಜೇಬಿನಿಂದ ಚಿಲ್ಲರೆ ತೆಗೆದು ನನ್ನ ಅಂಗೈಯಲ್ಲಿ ಹಾಕಿ, ಬೆರಳು ಮಡಚಿ, ಎದ್ದು ಹೋದ. ಲೇನೆಗೆ ಹೇಳಿದರೆ ಹಾಸಿಗೆಯ ಮೇಲೆ ಉರುಳಾಡಿ ನಕ್ಕಳು. ಅವನಿಗೆ ಎರಡು ಮೀನಿನ ದೋಣಿಗಳಿವೆಯಂತೆ!

ಅಪ್ಪನ ಕಾಗದ ಬಂತು. ಮಾತಾಡಿದಂತೆಯೇ ಬರೆಯುತ್ತಿದ್ದರು. "ಆಪಾನ ಬಾಯಾಗ ಎಲಿ ಇಲ್ಲ, ಅದಕ್ಕ ಬರೇ ಬೈಗುಳ ಬರ್ಲಿಕತ್ತಾವ. ಹಾಲಿನವ ನಮ್ಮ ಓಣಿಗಿ ಬರೂದ ಬಿಟ್ಟಾನ. ಮೊದ್ಲ ನಾವೆಲ್ಲ ನಕ್ಕೆವು. ಈಗ ನಗು ಬರ್ಲಿಕತ್ತಿಲ್ಲ. ಎಲಿ ಇಲ್ಲದ ಊಟ ಒಳಗ ಇಳಿಯಂಗಿಲ್ಲ ಅಂತ ಅರ್ಧಕ್ಕ ಏಳ್ತಾಳ. ಭಾಳ ಸೊರಗ್ಯಾಳ. ಯಾರಿಗರ ಲಗೂನ ಕೊಟ್ಟುಬಿಡವ್ವಾ."

ಕೊಟ್ಟೆ ಎಂದು ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಪೆನ್ನು ಹಿಡಿದು ಕೂತೂ ಇದ್ದೆ. ಸುಳ್ಳು ನಂಬಿ, ಪಾನ್‌ದಾನ್ ತೆರೆದು, ಕನ್ನಡಿಯಲ್ಲಿ ನಾಲಗೆ ಚಾಚಿ ನೋಡಿಕೊಳ್ಳುವ ಖಾಲಾ ಕಣ್ಣೆದುರು ಬಂದಳು. ಬರೆಯಲಾಗಲಿಲ್ಲ. ನನಗೆ ಆ ದೇಶದ ಮೇಲೆಯೇ ಸಿಟ್ಟು ಬಂತು. ಒಬ್ಬನಾದರೂ ಕೈಚಾಚುವವನು ಇರಬಾರದೇ ಎಂದು ಬೈದುಕೊಂಡೆ. ಬೈದ ಮೇಲೆ, ಇಲ್ಲದಿರುವುದು ಒಳ್ಳೆಯದೇ ಅಲ್ಲವೇ ಎಂದು ನಾಚಿಕೆಯೂ ಆಯಿತು.

ಲೇನೆಯ ತಯಾರಿ

ಚಳಿಗಾಲದಲ್ಲಿ ಲೇನೆಯ ತಯಾರಿ ಶುರುವಾಯಿತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನೋಡುತ್ತೇನೆ, ಹುಡುಗಿ ಎರಡು ಸ್ವೆಟರು ತೊಟ್ಟು, ಕಂಬಳಿ ಹೊದ್ದು, ಉರಿಯುವ ಒಲೆಗೆ ಆತುಕೊಂಡು ಕೂತಿದ್ದಾಳೆ. ಮುಖ ಟೊಮೇಟೊ ಆಗಿದೆ.

"ಬ್ರೆಜಿಲ್ಲಿನ ಸೆಕೆಗೆ ರೂಢಿ ಆಗಬೇಕಲ್ಲ," ಎಂದಳು. "ನಿಮ್ಮಪ್ಪ ನಿನ್ನನ್ನು ಮಂಜುಗಡ್ಡೆಯ ಮೇಲೆ ಕೂಡಿಸಿದ್ದರಲ್ಲ, ಹಾಗೆ."

ನಾನು ಖಾಲಾ ಆಗಲೇಬೇಕಾಯಿತು. ಎಬ್ಬಿಸಿ ನೀರು ಕುಡಿಸಿದೆ. ಬೆವರು ಬಂದರೆ ಒರೆಸಬೇಡ, ಗಾಳಿಗೆ ನಿಲ್ಲು, ಮಧ್ಯಾಹ್ನ ಹೊರಗೆ ತಿರುಗಬೇಡ, ಮಜ್ಜಿಗೆ ಸಿಕ್ಕರೆ ಬಿಡಬೇಡ ಎಂದು ನಮ್ಮ ಬಿಸಿಲಿನ ವಿದ್ಯೆಯನ್ನೆಲ್ಲ ಧಾರೆಯೆರೆದೆ. ಅವಳು ರಾತ್ರಿ ದೀಪ ಆರಿಸಿದ ಮೇಲೆ ಮೆಲ್ಲಗೆ ಕೇಳಿದಳು: "ಅಲ್ಲಿ ಇಳಿದ ಮೊದಲ ದಿನ ಹೇಗಿರುತ್ತದೆ, ಕಸ್ತೂರಿ?"

"ಯಾರಿಗೂ ನಿನ್ನ ಹೆಸರು ಹೇಳಲು ಬರುವುದಿಲ್ಲ," ಎಂದೆ. "ಹಸಿವಾಗಿದೆ ಎಂದು ಹೇಳಲು ನಿನಗೂ ಬರುವುದಿಲ್ಲ."

ಇಂಗ್ರಿಡ್ ಮಗಳ ಬಟ್ಟೆಗಳನ್ನು ಇಸ್ತ್ರಿ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದಳು. ಹೋಗಬೇಡ ಎನ್ನಲಿಲ್ಲ, ಹುಷಾರು ಎನ್ನಲಿಲ್ಲ. ನನಗೆ ವಾಡಿಯ ಅಳುವ ಪ್ಲಾಟ್‌ಫಾರ್ಮು ನೆನಪಾಗಿ, ಈ ತಾಯಿಗೆ ಕರುಳೇ ಇಲ್ಲವೇನೋ ಎಂದೂ ಒಮ್ಮೆ ಅನಿಸಿತು.

ಇನ್ನೊಂದು ಸ್ಟೇಷನ್

ಲೇನೆ ಹೊರಟ ಬೆಳಿಗ್ಗೆ ಹಿಮ ಬೀಳುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ನಾವು ನಾಲ್ವರೇ. ಲೇನೆ ಹೊಸ ಬೂಟು, ಹೊಸ ಟೋಪಿ ಹಾಕಿಕೊಂಡು ಸೂಟ್‌ಕೇಸಿನ ಪಕ್ಕದಲ್ಲಿ ನಿಂತಿದ್ದಳು. ಯಾರೂ ಅಳುತ್ತಿಲ್ಲ. ಇಂಗ್ರಿಡ್ ಎರಡೂ ಕೈ ಜೇಬಿನಲ್ಲಿ ಹುದುಗಿಸಿದ್ದಳು. ನಾನು ಆ ಜೇಬುಗಳನ್ನು ನೋಡಿದೆ. ಒಳಗೆ ಬೆರಳುಗಳು ಬಟ್ಟೆಯನ್ನು ಹಿಂಡುತ್ತಿದ್ದವು, ಜೇಬಿನ ಹೊಲಿಗೆಯೇ ಬಿಗಿದು ನಿಂತಿತ್ತು.

ಲೇನೆಯ ಬೂಟು ಕಣ್ಣಿಗೆ ಬಿತ್ತು. ಬೂಟು ಹಾಕ್ಯಾನಂದ್ರ ಏನಾತು? ಹಾದ್ಯಾಗ ಇರಾವ ಗರೀಬನೇ, ಬೇಟಿ. ಖಾಲಾ ಕಿವಿಯಲ್ಲೇ ಹೇಳಿದಂತಾಯಿತು. ಇಷ್ಟು ತಿಂಗಳು ನಾನು ಊರೆಲ್ಲ ತಿರುಗಿ ಹುಡುಕಿದವಳು ನನ್ನದೇ ಕೋಣೆಯಲ್ಲಿ, ಎದುರು ಹಾಸಿಗೆಯಲ್ಲಿ ಮಲಗುತ್ತಿದ್ದಳು!

ಕೋಟು ಕಳಚಿ ಗಂಟು ಬಿಚ್ಚಿದೆ. ರೂಪಾಯಿಯನ್ನು ಲೇನೆಯ ಅಂಗೈಯಲ್ಲಿಟ್ಟೆ. "ಇದು ನಿನಗೆ. ಬೇಡ ಎನ್ನಬೇಡ. ಈಗ ನಿನಗಿಂತ ಬಡವರು ಈ ಊರಿನಲ್ಲಿ ಯಾರೂ ಇಲ್ಲ." ಲೇನೆ ಈ ಸಲ ನಗಲಿಲ್ಲ. ಮುಷ್ಟಿ ಮುಚ್ಚಿಕೊಂಡಳು.

ಇಂಗ್ರಿಡ್ ಮುಂದೆ ಬಂದಳು. "ನಿನಗೆ ಕಟ್ಟಿದ್ದರಲ್ಲ, ಹಾಗೆ ಕಟ್ಟಬಹುದೇ?" ಎಂದು ಕೇಳಿ, ಜೇಬಿನಿಂದ ಕೈ ತೆಗೆದಳು. ಹಸಿರು ಬಟ್ಟೆಯಲ್ಲಿ ರೂಪಾಯಿ ಸುತ್ತಿ ಮಗಳ ಬಲತೋಳಿಗೆ ಕಟ್ಟಿದಳು. ರೂಢಿಯಿಲ್ಲದ ಗಂಟು ಸಡಿಲಾಯಿತು. ನಾನು ಅವಳ ಬೆರಳು ಹಿಡಿದು ಖಾಲಾನ ಗಂಟು ಹೇಗೆಂದು ತೋರಿಸಿದೆ. ನಿಯಮವನ್ನೂ ಹೇಳಿದೆ: ಮುಟ್ಟಿದ ಮೇಲೆ ಬಿಚ್ಚಬೇಕು, ಬಡವರ ಕೈಯಲ್ಲೇ ಕೊಡಬೇಕು, ಕೊಟ್ಟಾಗಲೇ ಪ್ರಯಾಣ ಮುಗಿಯುವುದು. ಗಾಡಿ ಬಂತು, ಎರಡು ನಿಮಿಷ ನಿಂತಿತು, ಹೋಯಿತು. ಇಂಗ್ರಿಡ್ ಹಳಿಯ ಮೇಲೆ ಹಿಮ ಕೂರುವವರೆಗೂ ಅಲ್ಲಿಂದ ಕದಲಲಿಲ್ಲ.

ಅಂದೇ ಸಂಜೆ ಲೇನೆಯ ಕತೆಯನ್ನೆಲ್ಲ ವಾಡಿಗೆ ಬರೆದು, ಕೊನೆಗೆ ಸೇರಿಸಿದೆ: ಕೊಟ್ಟೆ ಖಾಲಾ, ಕೈಯಾಗ ಕೊಟ್ಟೆ, ಇನ್ನ ಎಲಿ ಹಾಕ್ಕೋ.

ಎರಡು ಮನೆ

ಲೇನೆ ಮುಟ್ಟಿದಳೆಂದು ತಂತಿ ಬಂತು. ನೀಲ್ಸ್ ಸೀಟಿ ಹೊಡೆಯುತ್ತ ಲಾರಿ ತೊಳೆದ. ನಾನು ಇಂಗ್ರಿಡ್‌ಳ ಕಾಫಿಯ ಲೋಟ ತಂದು ಮುಂದಿಟ್ಟೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ, "ಹೊಟ್ಟೆ ಸರಿಯಿಲ್ಲ," ಎಂದಳು. ಆಗ ಗಮನಿಸಿದೆ, ಲೇನೆ ಹೋದಾಗಿನಿಂದ ಮನೆಯಲ್ಲಿ ಕಾಫಿಯ ವಾಸನೆಯೇ ಇಲ್ಲ. ಫ್ಲಾಸ್ಕು ತೊಳೆದು ಕಪಾಟಿನ ಮೇಲೆ ಬೋರಲು ಹಾಕಿತ್ತು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು.

"ನಾಣ್ಯದ ಸುದ್ದಿ ಇನ್ನೂ ಬಂದಿಲ್ಲವಲ್ಲ," ಎಂದಳು ಮೆಲ್ಲಗೆ. "ನೀಲ್ಸ್‌ಗೆ ಹೇಳಬೇಡ."

ಕರುಳಿಲ್ಲ ಅಂದುಕೊಂಡಿದ್ದೆನಲ್ಲ, ಅವಳನ್ನು ಅಪ್ಪಿಕೊಂಡುಬಿಟ್ಟೆ. ಆ ದೇಶದಲ್ಲಿ ಹಾಗೆ ಮಾಡುತ್ತಾರೋ ಇಲ್ಲವೋ ನನಗೇನು!

ಅಷ್ಟರಲ್ಲಿ ಅಪ್ಪನ ಕಾಗದ ಬಂತು. ನಾನು ಕುಣಿದಾಡುತ್ತ ಒಡೆದೆ. ಖಾಲಾ ಎಲೆ ಹಾಕಿರಲಿಲ್ಲ! "ನಿನ್ನ ಕಾಗದ ಓದಿ ಹೇಳ್ದೆ. ಆಪಾ ಭಾಳ ಖುಷಿ ಆದಳು, ಆದ್ರ ಪಾನ್‌ದಾನ್ ಮುಟ್ಟಲಿಲ್ಲ. 'ಆ ಪೋರಿ ಮುಟ್ಟ್ಯಾಳೋ ಇಲ್ಲೋ? ನನ್ನ ರೂಪಾಯಿ ಕಟಗೊಂಡು ಹೋಗ್ಯಾಳ ಅಂದ್ಮ್ಯಾಗ ಆಕೀನೂ ನನ್ನ ಪೋರೀನ. ಆಕಿ ಕೊಟ್ಟಳು ಅಂತ ಸುದ್ದಿ ಬರ್ಲಿ, ಆಮ್ಯಾಲ ನೋಡೂಣು' ಅಂತಾಳ. ನಾ ಏನ್ ಹೇಳ್ಲಿ?"

ಇಂಗ್ರಿಡ್‌ಗೆ ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವಳು ಮತ್ತೊಮ್ಮೆ ಓದಿಸಿದಳು. ನನ್ನ ಹತ್ತಿರವಿದ್ದ ಖಾಲಾನ ಫೋಟೋ ಕೇಳಿ ತೆಗೆದುಕೊಂಡು ಹೋಗಿ, ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲಿಸಿದಳು. ಆಮೇಲೆ ದಿನವೂ ಟಪಾಲಿನವನು ಬರುವ ಹೊತ್ತಿಗೆ ಇಬ್ಬರೂ ಆ ಕಿಟಕಿಯ ಹತ್ತಿರವೇ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆವು.

ಲೇನೆಯ ಕಾಗದ ಬರುವ ಹೊತ್ತಿಗೆ ಹಿಮ ಕರಗತೊಡಗಿತ್ತು. ಬಸ್ ನಿಲ್ದಾಣದಲ್ಲಿ ಕಿತ್ತಳೆ ಮಾರುವ ಒಬ್ಬ ಮುದುಕಿಗೆ ರೂಪಾಯಿ ಕೊಟ್ಟಳಂತೆ. ಮುದುಕಿ ಮೊದಲು ಬೇಡವೆಂದಳಂತೆ. ಲೇನೆ ತನ್ನ ಹರಕುಮುರುಕು ಮಾತಿನಲ್ಲಿ, "ನನ್ನ ಅಮ್ಮ ಕಾಯುತ್ತಿದ್ದಾಳೆ," ಎಂದಾಗ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳಂತೆ. ಇಂಗ್ರಿಡ್ ಕಾಗದ ಮಡಚಿಟ್ಟು, ಕಪಾಟಿನ ಮೇಲಿನ ಫ್ಲಾಸ್ಕು ಇಳಿಸಿದಳು. ನೀರು ಕುದಿಯಲು ಇಟ್ಟವಳು ತಟ್ಟನೆ ಆರಿಸಿಬಿಟ್ಟಳು.

"ಯಾಕೆ?" ಎಂದೆ.

"ಅವರಿಗೆ ಸುದ್ದಿ ಮುಟ್ಟಲಿ," ಎಂದಳು ಫೋಟೋ ಕಡೆ ನೋಡಿ. "ಒಬ್ಬಳೇ ಹೇಗೆ ಕುಡಿಯಲಿ?"

ಇಂಗ್ರಿಡ್ ಕಾಫಿ ಬಿಟ್ಟ ಸುದ್ದಿಯನ್ನೂ ಸೇರಿಸಿ ನಾನು ಬರೆದೆ. ಕಾಯ್ದೆವು.

ಒಂದು ಬೆಳಿಗ್ಗೆ ಇಂಗ್ರಿಡ್ ನೀಲಿ ಕಾಗದ ಹಿಡಿದು ಕೋಣೆಗೆ ಓಡಿ ಬಂದಳು. ಮುಖ ಬಿಳಿಚಿತ್ತು. "ಕಸ್ತೂರಿ, ಇದರ ಮೇಲೆ ರಕ್ತ ಇದೆ."

ಕೈಗೆ ತೆಗೆದುಕೊಂಡೆ. ಅಂಚಿನಲ್ಲಿ, ಅಪ್ಪನ ಅಕ್ಷರದ ಪಕ್ಕದಲ್ಲಿ, ಬೊಟ್ಟಿನಷ್ಟು ಕೆಂಪು ಕಲೆ. ಒಳಗೆ ಅಪ್ಪ ಬರೆದಿದ್ದರು: "ಬರೆಸುವಾಗ ಮ್ಯಾಲೇ ಬಗ್ಗಿ ನಿಂತಿದ್ದಳು, ಬಾಯಿಂದ ಬಿತ್ತು. ಬ್ಯಾರೆ ಕಾಗದ ಇಲ್ಲ, ಸಿಟ್ಟಾಗಬ್ಯಾಡ. ಆಪಾ ಹೇಳ್ತಾಳ: ಆ ಪೋರಿ ತಾಯಿಗಿ ಹೇಳು, ಇಬ್ರೂ ಪೋರ್ಯಾರು ಮುಟ್ಟ್ಯಾರ, ಇನ್ನ ಹೊಟ್ಟಿತುಂಬ ಉಣ್ಣು ಅಂತ."

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯದೆ ಇಂಗ್ರಿಡ್ ಗಾಬರಿಯಾದಳು. ಅವಳ ಬೆರಳನ್ನು ಹಿಡಿದು ಕಲೆಯ ಮೇಲೆ ಇಟ್ಟೆ. "ರಕ್ತ ಅಲ್ಲ, ಎಲೆ," ಎಂದೆ. ಅವಳು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಮೂಸಿ, ಕಣ್ಣೊರೆಸಿಕೊಂಡು, ಅಡುಗೆಮನೆಗೆ ಹೋಗಿ ನೀರು ಇಟ್ಟಳು. ನನಗೂ ಒಂದು ಲೋಟ ಬಂತು. ಕಹಿ ಕಾಫಿ, ನನಗೆ ಸೇರದು. ಆ ದಿನ ಪೂರ್ತಿ ಕುಡಿದೆ.

ಜನ ಈಗಲೂ ಕೇಳುತ್ತಾರೆ, ಡೆನ್ಮಾರ್ಕ್ ಯಾವಾಗ ಮುಟ್ಟಿದಿರಿ ಎಂದು. ವಿಮಾನ ಇಳಿದ ದಿನವನ್ನು ನಾನು ಹೇಳುವುದಿಲ್ಲ. ಹಿಮ ಕರಗಿದ ಮೇಲೆ, ಖಾಲಾನ ಬಾಯಿ ಕೆಂಪಾದ ಮೇಲೆ ಮುಟ್ಟಿದೆ ಎನ್ನುತ್ತೇನೆ.